ಕೊಂಡಿ ಬೇರೆ, ನಕಲು ಬೇರೆ

ನೌಕರರ ತರಬೇತಿಗೆ ಅಂತರಜಾಲದ ಸಾಮಗ್ರಿಯನ್ನು ಬಳಸುವುದು ಇಂದು ಸಣ್ಣ ಕಾರ್ಖಾನೆಯಿಂದ ಹಿಡಿದು ಖಾಸಗಿ ತರಬೇತಿ ಕೇಂದ್ರದವರೆಗೆ ಎಲ್ಲೆಡೆಯೂ ರೂಢಿಯಲ್ಲಿದೆ. ಉಚಿತವಾಗಿ ಓದಲು ದೊರೆತದ್ದನ್ನು ಉಚಿತವಾಗಿ ಹಂಚಲೂಬಹುದೆಂಬ ಭಾವನೆಯೂ ಅದರೊಡನೆಯೇ ಬೇರೂರಿದೆ. ಮತ್ತೊಂದೆಡೆ, ಕೃತಿಸ್ವಾಮ್ಯದ ಭಯದಿಂದ ಜಾಲತಾಣದ ಕೊಂಡಿಯನ್ನು ನೀಡಲೂ ಹಿಂಜರಿಯುವ ಸಂಸ್ಥೆಗಳಿವೆ. ಈ ಉದಾಸೀನವೂ ಆ ಭಯವೂ ಕೊಂಡಿಗೂ ನಕಲಿಗೂ ಇರುವ ವ್ಯತ್ಯಾಸವನ್ನು ಅರಿಯದಿರುವುದರ ಫಲ.

ಜರ್ಮನಿಯ ಶಾಲೆಯೊಂದರ ಪ್ರಕರಣ ಇಲ್ಲಿ ಉಲ್ಲೇಖಾರ್ಹ. ವಿದ್ಯಾರ್ಥಿನಿಯೊಬ್ಬಳು ಸ್ಪೇನಿನ ಕಾರ್ಡೋಬಾ ನಗರದ ಛಾಯಾಚಿತ್ರವನ್ನು ಪ್ರವಾಸ ಜಾಲತಾಣವೊಂದರಿಂದ ಪಡೆದು, ಮೂಲವನ್ನು ಹೆಸರಿಸಿ ತನ್ನ ಪಠ್ಯಕಾರ್ಯದಲ್ಲಿ ಬಳಸಿದಳು. ಶಾಲೆಯು ಅದನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಿತು. ಇದಕ್ಕೆ ಛಾಯಾಗ್ರಾಹಕನ ಅನುಮತಿ ಅಗತ್ಯವೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು 2018ರ ಆಗಸ್ಟ್ 7ರಂದು ತೀರ್ಪಿತ್ತಿತು. ಎಲ್ಲರಿಗೂ ತೆರೆದಿರುವ ಪುಟಕ್ಕೆ ಕೊಂಡಿ ನೀಡಲು ಅನುಮತಿ ಬೇಕಿಲ್ಲವೆಂದು 2014ರಲ್ಲಿ ಹೇಳಿದ್ದುದೂ ಅದೇ ನ್ಯಾಯಾಲಯ. ಕಾರಣ ಸರಳವಾಗಿದೆ: ಒಡೆಯನು ಮೂಲವನ್ನು ತೆಗೆದುಹಾಕಿದರೆ ಕೊಂಡಿ ನಿರುಪಯುಕ್ತವಾಗುತ್ತದೆ, ನಕಲಾದರೋ ಅವನ ಹಿಡಿತ ಮೀರಿ ಉಳಿಯುತ್ತದೆ. ಆದರೆ ಅನಧಿಕೃತ ಪ್ರತಿಗೆ ಲಾಭದ ಉದ್ದೇಶದಿಂದ ಕೊಂಡಿ ನೀಡಿದವನು ಅದನ್ನು ತಿಳಿದೇ ನೀಡಿದನೆಂದು ಭಾವಿಸಲಾಗುವುದೆಂದೂ, ಹಾಗಲ್ಲವೆಂದು ತೋರಿಸುವ ಹೊಣೆ ಅವನದೇ ಎಂದೂ 2016ರ ತೀರ್ಪು ಎಚ್ಚರಿಸಿತು.

ಈ ತೀರ್ಪುಗಳು ಭಾರತಕ್ಕೆ ಬದ್ಧವಲ್ಲವಾದರೂ ನಮ್ಮ ಕಾನೂನಿನ ದಿಕ್ಕೂ ಇದಕ್ಕೆ ದೂರವಾದುದಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೇ ಪ್ರಕರಣವು ಬೋಧನೆಯ ಕ್ರಮದಲ್ಲಿ ಶಿಕ್ಷಕರು ಹಾಗೂ ವಿದ್ಯಾರ್ಥಿಗಳು ಮಾಡುವ ಪ್ರತಿಗಳಿಗೆ ವಿನಾಯಿತಿ ನೀಡುತ್ತದೆ. 2012ರ ತಿದ್ದುಪಡಿಯು ವಿದ್ಯುನ್ಮಾನ ಕೊಂಡಿ ಒದಗಿಸಲು ಆಗುವ ತಾತ್ಕಾಲಿಕ ಸಂಗ್ರಹಣೆಯನ್ನೂ, ಹಕ್ಕುದಾರನು ಸ್ಪಷ್ಟವಾಗಿ ನಿಷೇಧಿಸಿರದಿದ್ದಲ್ಲಿ, ಆ ರಕ್ಷಣೆಯೊಳಗೆ ತಂದಿತು. ಪ್ರತಿ ಅನಧಿಕೃತವೆಂದು ತಿಳಿದಿದ್ದವನಿಗೆ ಅಥವಾ ಹಾಗೆ ನಂಬಲು ಸಕಾರಣವಿದ್ದವನಿಗೆ ಮಾತ್ರ ಈ ರಕ್ಷಣೆ ಇಲ್ಲ. 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣದಲ್ಲಿ ಬೋಧನೆಯ ವಿನಾಯಿತಿಯನ್ನು ವಿಶಾಲವಾಗಿ ಅರ್ಥೈಸಿತು.

ಈ ತೀರ್ಪನ್ನೇ ನೆಚ್ಚಿ ಶುಲ್ಕ ಪಡೆಯುವ ತರಬೇತಿ ಕೇಂದ್ರಗಳು ಇಡೀ ಪುಸ್ತಕಗಳನ್ನು ನಕಲಿಸಿ ಹಂಚುವುದು ವಿವೇಕವಲ್ಲ. ಅಲ್ಲಿ ಪ್ರಶ್ನೆಯಲ್ಲಿದ್ದುದು ವಿಶ್ವವಿದ್ಯಾಲಯದ ಪಠ್ಯಸಂಚಯ. ಉದ್ದೇಶಪೂರ್ವಕ ಉಲ್ಲಂಘನೆಗೆ 63ನೇ ಪ್ರಕರಣವು 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ. ವ್ಯಾಪಾರದ ಲಾಭಕ್ಕಾಗಿ ಮಾಡದ ತಪ್ಪಿಗೆ ಶಿಕ್ಷೆಯನ್ನು ತಗ್ಗಿಸಲು ಅವಕಾಶವಿದೆ. ಲಾಭಕ್ಕಾಗಿ ಮಾಡಿದವರಿಗೆ ಆ ರಿಯಾಯಿತಿ ಇಲ್ಲ.

ಕೊಂಡಿಗಳು ಕಾಲಾನಂತರ ಕೆಡುತ್ತವೆ, ಕಾರ್ಖಾನೆಯೊಳಗೆ ಅಂತರಜಾಲ ಸಂಪರ್ಕ ಸಮರ್ಪಕವಾಗಿರುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದಕ್ಕೆ ಪರಿಹಾರವು ಹಕ್ಕುದಾರರಿಂದ ಲಿಖಿತ ಅನುಮತಿ ಪಡೆಯುವುದು ಅಥವಾ ಅಗತ್ಯ ಪ್ರತಿಗಳನ್ನು ಖರೀದಿಸುವುದು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ಎನ್‌ಪಿಟಿಇಎಲ್ ಪಾಠಗಳಂತಹ, ಯಾರು ಬೇಕಾದರೂ ನೋಡಬಹುದಾದ ಸಾಮಗ್ರಿಗೆ ಕೊಂಡಿ ನೀಡಲು ಹೆದರಬೇಕಾದುದೇನೂ ಇಲ್ಲ.

ಮುದ್ರಕರೂ ಪ್ರಕಾಶಕರೂ ವಾಣಿಜ್ಯ ಸಮುದಾಯದವರೇ. ತಮ್ಮ ಸರಕಿನ ಗುರುತನ್ನು ಇತರರು ಬಳಸಿದಾಗ ನ್ಯಾಯಾಲಯದ ಮೆಟ್ಟಿಲೇರುವ ಉದ್ಯಮಿಗಳು, ಲೇಖಕನ ಶ್ರಮವನ್ನು ಬೆಲೆಯಿಲ್ಲದ್ದೆಂದು ಎಣಿಸುವುದು ಯುಕ್ತವಲ್ಲ. ಮೂಲ ತಾಣಕ್ಕೆ ಕೊಂಡಿ, ನಕಲಿಗೆ ಅನುಮತಿ, ಅನಧಿಕೃತ ಪ್ರತಿಗೆ ಎರಡೂ ಸಲ್ಲದು: ಈ ನಿಯಮವನ್ನು ಪ್ರತಿಯೊಂದು ಸಂಸ್ಥೆಯೂ ತನ್ನ ತರಬೇತಿ ವಿಭಾಗಕ್ಕೆ ಲಿಖಿತವಾಗಿ ನೀಡುವುದು ಅಪೇಕ್ಷಣೀಯ.