ಗುಳೆ ಹೋಗುವ ಮಕ್ಕಳಿಗೆ ಪಾಠಶಾಲೆ ಎಲ್ಲಿ?

ತೊಗರಿಯ ರಾಶಿ ಮುಗಿಯುತ್ತಲೆ ಕಲಬುರಗಿ ಜಿಲ್ಲೆಯ ಹಳ್ಳಿ-ತಾಂಡಾಗಳಲ್ಲಿ ಅನೇಕ ಮನೆಗಳಿಗೆ ಬೀಗ ಬೀಳುವದು ನಮ್ಮ ವಾಚಕರಿಗೆ ಹೊಸ ಸಂಗತಿಯೇನಲ್ಲ. ಮಹಾಗಾಂವ, ಕಮಲಾಪುರಗಳ ಸೀಮೆಯೂ ಇದಕ್ಕೆ ಹೊರತಲ್ಲ. ಕಟ್ಟಡದ ಕೆಲಸಕ್ಕೆಂದು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೊರಟ ತಂದೆತಾಯಿಗಳ ಬೆನ್ನಿಗೆ ಮಕ್ಕಳೂ ಹೋಗುವವು. ಅಂದಿನಿಂದ ಹಾಜರಿ ಪುಸ್ತಕದಲ್ಲಿ ಅವುಗಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು. ಕೆಲಕಾಲದ ಮೇಲೆ 'ಶಾಲೆ ಬಿಟ್ಟವರು' ಎಂಬ ಹಣೆಪಟ್ಟಿ.

ಇತ್ತ ದೊಡ್ಡ ಪಟ್ಟಣಗಳಲ್ಲಿ ಓದುಬಲ್ಲ ಕೆಲವು ಕುಟುಂಬಗಳು ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳುತ್ತಿವೆ. ಉದ್ಯೋಗವು ತಂದೆಯನ್ನಾಗಲಿ ತಾಯಿಯನ್ನಾಗಲಿ ಎಲ್ಲಿಗೆ ಕರೆದರೂ ಮನೆಯೆಲ್ಲ ಅಲ್ಲಿಗೆ ಹೊರಡುವದು. ಪುಸ್ತಕಗಳೂ ಸಂಗಡ ಹೋಗುವವು. ಶಾಲೆಯ ಮೆಟ್ಟಿಲು ತುಳಿಯದವರೂ ಪರೀಕ್ಷೆಗೆ ಕೂಡ್ರಲೆಂದು 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯೂ ಇರುವದು. ಹಡೆದವರ ಮಡಿಲಲ್ಲಿ ಮಗು ಬೆಳೆಯುವದು ಒಳ್ಳೆಯದೇ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಉಳ್ಳವರ ಪ್ರಯಾಣಕ್ಕೆ 'ಗೃಹಶಿಕ್ಷಣ'ವೆಂದೂ ಇಲ್ಲದವರ ಪ್ರಯಾಣಕ್ಕೆ 'ಶಾಲೆ ಬಿಟ್ಟದ್ದು' ಎಂದೂ ಎರಡು ಹೆಸರೇಕೆ? ಭೇದವು ಮಮತೆಯಲ್ಲಿಲ್ಲ, ಅಕ್ಷರ, ಬಿಡುವು, ಹಣ ಈ ಮೂರರಲ್ಲಿದೆ. ಹಗಲೆಲ್ಲ ಇಟ್ಟಿಗೆ ಹೊತ್ತು ಬಂದ ನಿರಕ್ಷರ ತಾಯಿಗೆ, ಗುಡಿಸಲಲ್ಲಿ ಕುಳಿತು ಮಗುವಿಗೆ ಪಾಠ ಹೇಳೆಂದು ಉಪದೇಶಿಸುವದು ನಿರ್ದಯತನವೇ ಸರಿ.

ಮಕ್ಕಳನ್ನು ಅಜ್ಜಿಯ ಹತ್ತಿರವೋ ವಸತಿನಿಲಯದಲ್ಲಿಯೋ ಬಿಟ್ಟು ಹೋಗಲೆನ್ನುವವರುಂಟು. ಬೇಕಾದವರಿಗೆ ಆ ಅನುಕೂಲ ಇರಲಿ. ಆದರೆ ತಾಯಿಯೋ ಅಕ್ಷರವೋ ಎಂದು ಆರಿಸಿಕೊಳ್ಳುವ ಪ್ರಸಂಗವನ್ನು ಆರೇಳು ವರ್ಷದ ಕೂಸಿನ ಮೇಲೆ ಹೇರುವದು ನ್ಯಾಯವಲ್ಲ.

ಹೊಸ ಕಾಯದೆಯನ್ನೇನೂ ನಾವು ಬೇಡುತ್ತಿಲ್ಲ. 2010ನೆಯ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯದೆಯು 6ರಿಂದ 14 ವರ್ಷದ ಮಕ್ಕಳಿಗೆ ಬೇಕಾದುದನ್ನು ಆಗಲೇ ಹೇಳಿರುವದು. ರಾಜ್ಯದ ಒಳಗಾಗಲಿ ಹೊರಗಾಗಲಿ ಊರು ಬದಲಿಸಿದ ಮಗುವಿಗೆ ಬೇರೆ ಸರಕಾರಿ ಶಾಲೆ ಸೇರುವ ಅಧಿಕಾರವನ್ನು 5ನೆಯ ಕಲಮು ಕೊಟ್ಟಿದೆ. ಮುಖ್ಯಾಧ್ಯಾಪಕರು ವರ್ಗಾವಣೆ ಪತ್ರವನ್ನು ಒಡನೆಯೇ ಕೊಡತಕ್ಕದ್ದು, ಅದು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಹಿಂದೆ ಕಳಿಸತಕ್ಕದ್ದಲ್ಲ. ಓದು ನಿಂತುಹೋದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದು 4ನೆಯ ಕಲಮು ಹೇಳುವದು. ಪಂಚಾಯತಿ, ನಗರಸಭೆ ಮೊದಲಾದ ಸ್ಥಳೀಯ ಸಂಸ್ಥೆಗಳು ಮಕ್ಕಳ ದಾಖಲೆ ಇಡಬೇಕು, ವಲಸೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸಬೇಕು ಎಂಬುದು 9ನೆಯ ಕಲಮಿನ ಆಜ್ಞೆ. ಕಾಯದೆ ಕಾಗದದಲ್ಲಿದೆ; ಮಗು ಮರಳಿನ ರಾಶಿಯ ಮೇಲಿದೆ!

ಭಾಷೆಯ ತೊಡಕು ಬೇರೆ. ಮನೆಯಲ್ಲಿ ಲಂಬಾಣಿ, ಊರ ಶಾಲೆಯಲ್ಲಿ ಕನ್ನಡ ಕಲಿತ ಮಗುವನ್ನು ಪುಣೆಯಲ್ಲಿ ಮರಾಠಿಯೂ ಹೈದರಾಬಾದಿನಲ್ಲಿ ತೆಲುಗೂ ಇದಿರುಗೊಳ್ಳುವವು. ನಾಲ್ಕು ತಿಂಗಳಲ್ಲಿ ಆ ಲಿಪಿ ಕೈಗೆ ಹತ್ತುವಷ್ಟರಲ್ಲಿ ಮಳೆಗಾಲ ಬಂದು ಕುಟುಂಬ ಊರಿಗೆ ಮರಳುವದು. ಕನ್ನಡಿಗ ಕೂಲಿಕಾರರು ಒತ್ತಟ್ಟಿಗೆ ನೆಲೆಸಿದ ಕಡೆ ನಮ್ಮ ಸರಕಾರವು ನೆರೆಯ ಸರಕಾರಗಳೊಡನೆ ಮಾತಾಡಿ ಕನ್ನಡ ಶಿಕ್ಷಕರನ್ನೂ ಪುಸ್ತಕಗಳನ್ನೂ ಒದಗಿಸಬಾರದೆ?

ಈ ಕಾರ್ಯವು ಮಹಾಗಾಂವದಂಥ ಊರಿನಿಂದಲೇ ಮೊದಲಾಗಲಿ. ಯಾವ ಮನೆಯ ಯಾವ ಮಗು ಯಾವ ಊರಿಗೆ ಹೊರಟಿದೆಯೆಂದು ಪಂಚಾಯತಿಯವರು ಗುಳೆಗೆ ಮೊದಲೇ ಬರೆದಿಡಲಿ. ಮಗುವಿನ ಕೈಯಲ್ಲಿ ಶಿಕ್ಷಕರು ಪತ್ರವನ್ನೂ ಪುಸ್ತಕವನ್ನೂ ಇಡಲಿ. ಮರಳಿ ಬಂದಾಗ ಗದರಿಸದೆ ಒಳಗೆ ಕರೆದುಕೊಳ್ಳಲಿ. ಮುಂಬಯಿಯ ಮಹಡಿಗಳನ್ನು ಕಟ್ಟುವವರ ಮಕ್ಕಳಿಗೆ ಒಂದು ಹಲಗೆ-ಬಳಪ ಒದಗಿಸಲಾರದ ನಾಡು ಸ್ವಾತಂತ್ರ್ಯದ ಹೆಮ್ಮೆಯನ್ನು ಯಾವ ಬಾಯಿಂದ ಹೇಳಿಕೊಂಡೀತು?