ಸಂಜೆ ಐದರ ಮೇಲೆ ಮೈದಾನಕ್ಕೆ ಬೀಗ

ಪಾಲಕರ ಸಭೆಯಲ್ಲಿ ಮಗನ ಮೊಬೈಲ್ ಹುಚ್ಚಿನ ಬಗ್ಗೆ ಗೋಳು ಹೇಳಿಕೊಂಡ ತಾಯಿಗೆ ಸಿಗುವ ಸಲಹೆ ಈಗ ಹೆಚ್ಚೂಕಡಿಮೆ ಎಲ್ಲ ಕಡೆ ಒಂದೇ: ‘ಬೆಳಿಗ್ಗೆ ಬೇಗ ಎಬ್ಬಿಸಿ, ಒಂದಿಷ್ಟು ವ್ಯಾಯಾಮ ಮಾಡಿಸಿ. ಟೆನ್ಷನ್ನೂ ಇಳಿಯುತ್ತೆ, ಮೊಬೈಲೂ ತಾನಾಗೇ ಬಿಡ್ತಾನೆ’. ಈ ಮಾತಿನ ಮೊದಲರ್ಧ ನಿಜ, ಅದಕ್ಕೆ ಗಟ್ಟಿ ಪುರಾವೆಯೂ ಇದೆ. ಎರಡನೆಯ ಅರ್ಧವನ್ನು ಮಾತ್ರ ಯಾರೂ ಒರೆಗೆ ಹಚ್ಚದೆ ನಂಬಿಕೊಂಡು ಬಂದಿದ್ದೇವೆ. ದಂಡ ಹೊಡೆದ ಮಾತ್ರಕ್ಕೆ ಯಾವ ಹುಡುಗನೂ ಮೊಬೈಲ್ ಕೆಳಗಿಡುವುದಿಲ್ಲ. ಇಡಬೇಕಾದರೆ ಆ ವ್ಯಾಯಾಮ ಯಾವ ಹೊತ್ತಿನಲ್ಲಿ, ಎಲ್ಲಿ, ಯಾರ ಜೊತೆ ನಡೆಯುತ್ತದೆ ಎಂಬುದು ಮುಖ್ಯ. ಇದು ಮಕ್ಕಳ ಮನೋಬಲದ ಪ್ರಶ್ನೆಗಿಂತ ಹೆಚ್ಚಾಗಿ ದೊಡ್ಡವರು ಹಾಕಿಕೊಟ್ಟ ವೇಳಾಪಟ್ಟಿಯ ಪ್ರಶ್ನೆ.

ಮೊದಲು ಒತ್ತಡದ ವಿಚಾರ. ಎನ್‌ಸಿಇಆರ್‌ಟಿ 2022ರಲ್ಲಿ 6ರಿಂದ 12ನೇ ತರಗತಿವರೆಗಿನ ಸುಮಾರು 3.79 ಲಕ್ಷ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಸಮೀಕ್ಷೆ ನಡೆಸಿತ್ತು. ಓದು, ಪರೀಕ್ಷೆ, ಫಲಿತಾಂಶ– ಇವೇ ತಮ್ಮ ಆತಂಕಕ್ಕೆ ಮುಖ್ಯ ಕಾರಣ ಎಂದವರು ಶೇ 81. ಈ ಆತಂಕ ಮನಸ್ಸಿನಲ್ಲಷ್ಟೇ ಕೂತಿರುವುದಿಲ್ಲ, ಮೈಗೂ ಇಳಿದಿರುತ್ತದೆ. ಎಸ್‌ಎಸ್‌ಎಲ್‌ಸಿ ಗಣಿತ ಪರೀಕ್ಷೆಯ ದಿನ ಹಾಲ್ ಟಿಕೆಟ್ ಹಿಡಿದು ಕೊಠಡಿಯ ಹೊರಗೆ ನಿಂತ ಹುಡುಗಿಯನ್ನು ಗಮನಿಸಿ. ಎದೆ ಹೊಡೆದುಕೊಳ್ಳುತ್ತಿರುತ್ತದೆ, ಅಂಗೈ ಬೆವತಿರುತ್ತದೆ, ಬಾಯಿ ಒಣಗಿರುತ್ತದೆ. ಅಡ್ರಿನಲಿನ್, ಕಾರ್ಟಿಸೋಲ್ ಹಾರ್ಮೋನುಗಳ ಕೆಲಸ ಅದು. ಅದೇ ಹುಡುಗಿ ಖೊಖೊ ಅಂಕಣದಲ್ಲಿ ಬೆನ್ನಟ್ಟಿ ಬರುವವಳಿಂದ ತಪ್ಪಿಸಿಕೊಂಡು ಓಡುವಾಗಲೂ ಮೈಯಲ್ಲಿ ನಡೆಯುವುದು ಬಹುಮಟ್ಟಿಗೆ ಅದೇ. ವ್ಯತ್ಯಾಸ ಒಂದೇ: ಅಂಕಣದಲ್ಲಿ ಅದಕ್ಕೊಂದು ಕೊನೆ ಇದೆ. ಸೀಟಿ ಊದಿದರೆ ಆಟ ಮುಗಿಯಿತು. ಕೂತು ನೀರು ಕುಡಿದು ನಾಲ್ಕು ಮಾತಾಡುವಷ್ಟರಲ್ಲಿ ಎದೆಬಡಿತ ಇಳಿಯುತ್ತದೆ. ವಾರದಲ್ಲಿ ಹಲವು ಸಲ ಹೀಗೆ ಏರಿ ಇಳಿದ ದೇಹಕ್ಕೆ ‘ಎದೆ ಹೊಡೆದುಕೊಂಡರೆ ಗಾಬರಿಯಾಗಬೇಕಿಲ್ಲ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ’ ಎಂಬ ಪಾಠ ಯಾರೂ ಹೇಳಿಕೊಡದೆಯೇ ಬರುತ್ತದೆ. ಆತಂಕದ ಚಿಕಿತ್ಸೆಯಲ್ಲಿ ವ್ಯಾಯಾಮಕ್ಕೆ ಜಾಗ ಸಿಕ್ಕಿರುವುದರ ಹಿಂದೆ ಈ ತರ್ಕವೂ ಇದೆ.

ಪುರಾವೆಯ ಮಾತಿಗೆ ಬಂದರೆ, 2024ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಒಂದು ವಿಶ್ಲೇಷಣೆ 218 ಪ್ರಯೋಗಗಳನ್ನು, 14 ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶವನ್ನು ಒಟ್ಟು ಹಾಕಿ ನೋಡಿತ್ತು. ನಡಿಗೆ, ಓಟ, ಯೋಗ, ಭಾರ ಎತ್ತುವ ವ್ಯಾಯಾಮ– ಇವು ಖಿನ್ನತೆಯನ್ನು ಗಣನೀಯವಾಗಿ ತಗ್ಗಿಸುತ್ತವೆ ಎಂಬುದು ಅದರ ತೀರ್ಮಾನ. ಹದಿಹರೆಯದವರ ಮೇಲೆ ನಡೆದ ಪ್ರಯೋಗಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿಲ್ಲವಾದರೂ ಅವು ತೋರಿಸುವ ದಿಕ್ಕು ಇದೇ. ಅಂದಹಾಗೆ, ಈ ಲಾಭವನ್ನೆಲ್ಲ ‘ಎಂಡಾರ್ಫಿನ್’ ಎಂಬ ಒಂದೇ ರಾಸಾಯನಿಕದ ಖಾತೆಗೆ ಬರೆಯುವ ರೂಢಿ ಭಾಷಣಗಳಲ್ಲಿ ಬೇರೂರಿದೆ. ಜರ್ಮನಿಯ ಸಂಶೋಧಕರು 2021ರಲ್ಲಿ ಓಟಗಾರರಿಗೆ ಎಂಡಾರ್ಫಿನ್ ಕೆಲಸ ಮಾಡದಂತೆ ತಡೆಯುವ ಔಷಧಿ ಕೊಟ್ಟು ಓಡಿಸಿದರು. ಓಡಿ ಮುಗಿಸಿದವರ ಉಲ್ಲಾಸ ಕಡಿಮೆಯಾಗಲಿಲ್ಲ. ದೇಹದೊಳಗಿನ ವ್ಯವಹಾರ ಭಾಷಣದಷ್ಟು ಸರಳವಲ್ಲ.

ಈಗ ಮೊಬೈಲ್. ಬ್ರಿಟನ್ನಿನ ಸಂಶೋಧಕರು 2014ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಕುರಿತ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಕಲೆಹಾಕಿ, ಕೂತು ಕಳೆಯುವ ಸಮಯಕ್ಕೂ ದೈಹಿಕ ಚಟುವಟಿಕೆಗೂ ಇರುವ ನಂಟನ್ನು ಲೆಕ್ಕ ಹಾಕಿದ್ದರು. ನಂಟು ಇತ್ತು, ಆದರೆ ತೀರಾ ತೆಳುವಾದದ್ದು. ಅಂದರೆ ಕಾಲೇಜಿನ ವಾಲಿಬಾಲ್ ತಂಡದ ನಾಯಕನೇ ರಾತ್ರಿ ಒಂದರವರೆಗೆ ರೀಲ್ಸ್ ನೋಡುವವನೂ ಆಗಿರಬಹುದು. ಮೈದಾನದ ಕಡೆ ಸುಳಿಯದ ಹುಡುಗಿ ಮೊಬೈಲನ್ನೂ ಹೆಚ್ಚು ಮುಟ್ಟದಿರಬಹುದು. ವ್ಯಾಯಾಮ ಮಾಡುವ ವಿದ್ಯಾರ್ಥಿಗಳಲ್ಲಿ ಮೊಬೈಲ್ ಗೀಳು ಕಡಿಮೆ ಎನ್ನುವ ಸಮೀಕ್ಷೆಗಳು ಚೀನಾದ ವಿಶ್ವವಿದ್ಯಾಲಯಗಳಿಂದ ಸಾಲುಸಾಲಾಗಿ ಬರುತ್ತಿವೆ. ಅವುಗಳಲ್ಲಿ ಬಹುಪಾಲು ಒಮ್ಮೆ ಪ್ರಶ್ನಾವಳಿ ತುಂಬಿಸಿಕೊಂಡು ಮಾಡಿದವು. ವ್ಯಾಯಾಮದಿಂದ ಗೀಳು ಇಳಿಯಿತೋ, ಗೀಳಿಲ್ಲದವರು ವ್ಯಾಯಾಮಕ್ಕೆ ಹೋದರೋ ಎಂಬುದನ್ನು ಅಂಥ ಸಮೀಕ್ಷೆ ಹೇಳಲಾರದು.

ಹಾಗಾದರೆ ಮೊಬೈಲ್ ಯಾವುದರಿಂದ ಹಿಂದೆ ಸರಿಯುತ್ತದೆ? ಅದು ಹಿಡಿದುಕೊಂಡಿರುವ ಗಂಟೆಯನ್ನು ಬೇರೊಂದು ಕಿತ್ತುಕೊಂಡಾಗ. ಗ್ರಾಮೀಣ ಭಾರತದ ಕುರಿತ 2024ರ ವಾರ್ಷಿಕ ಶಿಕ್ಷಣ ಸ್ಥಿತಿ ವರದಿಯ (‘ಅಸರ್’) ಪ್ರಕಾರ, 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಗೆಳೆಯರೆಲ್ಲ ಅಲ್ಲೇ ಇದ್ದಾರೆ. ದುಡ್ಡು ಕೊಡಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ, ಸೋತರೂ ಮರುಕ್ಷಣ ಇನ್ನೊಂದು ಆಟ. ಅದಕ್ಕೆ ಸಡ್ಡು ಹೊಡೆಯಬೇಕಾದರೆ ಎದುರಾಳಿಯಲ್ಲೂ ಗೆಳೆಯರಿರಬೇಕು, ಗೆಲುವು ಸೋಲಿರಬೇಕು, ‘ನಾಳೆ ಬರ್ತೀಯೇನೋ’ ಎಂದು ಕೇಳುವವರಿರಬೇಕು. ಮುಂಜಾನೆ ಐದೂವರೆಗೆ ಅಪ್ಪ ಬೈದು ಎಬ್ಬಿಸಿ ಒಬ್ಬನನ್ನೇ ಓಡಲು ಕಳಿಸುವ ವ್ಯಾಯಾಮದಲ್ಲಿ ಇವ್ಯಾವುವೂ ಇಲ್ಲ. ಅಪಾರ್ಟ್‌ಮೆಂಟಿನ ಜಿಮ್‌ನಲ್ಲಿ ಟ್ರೆಡ್‌ಮಿಲ್ ಮೇಲೆ ಫೋನ್ ಸಿಕ್ಕಿಸಿಕೊಂಡು ನಡೆಯುವುದಂತೂ ಸ್ಕ್ರೀನ್ ಸಮಯಕ್ಕೇ ಸೇರಿದ್ದು. ಇನ್ನು ಸಿಕ್ಸ್ ಪ್ಯಾಕ್ ರೀಲ್ಸ್ ನೋಡಿ ಪ್ರೋಟೀನ್ ಪೌಡರ್ ತರಿಸಿಕೊಂಡು, ಕನ್ನಡಿ ಮುಂದೆ ನಿಂತು ಕೊರಗುವ ಹುಡುಗರಿಗೆ ವ್ಯಾಯಾಮವೇ ಹೊಸ ಒತ್ತಡವಾಗಿದೆ.

ನಿದ್ದೆಯದೂ ಇದೇ ಕಥೆ. ಹದಿಹರೆಯದಲ್ಲಿ ನಿದ್ದೆಯ ಗಡಿಯಾರ ಸಹಜವಾಗಿಯೇ ಹಿಂದಕ್ಕೆ ಹೋಗುತ್ತದೆ. ಹದಿನಾರರ ಹುಡುಗನಿಗೆ ಹತ್ತಕ್ಕೆ ನಿದ್ದೆ ಬರುವುದಿಲ್ಲ. ಆ ಖಾಲಿ ಹೊತ್ತನ್ನು ಮೊಬೈಲ್ ತುಂಬುತ್ತದೆ. ಬೆಳಿಗ್ಗೆ ಅರೆನಿದ್ದೆಯಲ್ಲಿ ಎಬ್ಬಿಸಿ ಓಡಿಸಿದರೆ ನಿದ್ದೆಗೆ ಕತ್ತರಿ ಬಿದ್ದು ಒತ್ತಡ ಹೆಚ್ಚುತ್ತದೆ. ಸಂಜೆ ಚೆನ್ನಾಗಿ ಆಡಿ ದಣಿದವನಿಗೆ ಊಟವೂ ಸೇರುತ್ತದೆ, ನಿದ್ದೆಯೂ ಬರುತ್ತದೆ. ಹಾಗಾಗಿ ಸಂಜೆ ಐದರಿಂದ ಏಳರವರೆಗಿನ ಹೊತ್ತು ಯಾರ ಕೈಯಲ್ಲಿದೆ ಎಂಬುದೇ ಇಲ್ಲಿ ನಿರ್ಣಾಯಕ. ನಮ್ಮಲ್ಲಿ ಆ ಹೊತ್ತು ಟ್ಯೂಷನ್ನಿನದು. ಪಿಯು ವಿಜ್ಞಾನ ಸೇರಿದವರಿಗೆ ನೀಟ್, ಸಿಇಟಿ ಕೋಚಿಂಗಿನದು. ವಸತಿ ಕಾಲೇಜುಗಳಲ್ಲಿ ‘ಸ್ಟಡಿ ಅವರ್’ನದು. ಎಲ್ಲ ಮುಗಿಸಿ ರಾತ್ರಿ ಒಂಬತ್ತೂವರೆಗೆ ಬಿಡುವು ಸಿಕ್ಕ ಹುಡುಗನಿಗೆ ಆಡಲು ಮೊಬೈಲ್ ಬಿಟ್ಟರೆ ಬೇರೇನು ತೆರೆದಿರುತ್ತದೆ?

ಶಾಲೆಗಳು ವ್ಯಾಯಾಮವನ್ನು ಹೇಗೆ ಕಲಿಸುತ್ತಿವೆ ಎನ್ನುವುದನ್ನೂ ನೋಡಬೇಕು. ಶನಿವಾರ ಬೆಳಗಿನ ಶಾಲೆ ನಮ್ಮ ಸರ್ಕಾರಿ ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತು. ಬಿಳಿ ಸಮವಸ್ತ್ರ, ಸಾಲಾಗಿ ಕೈಯಳತೆ ಅಂತರ, ಡ್ರಮ್ಮಿನ ಏಟಿಗೆ ‘ಏಕ್ ದೋ ತೀನ್ ಚಾರ್’. ಲೇಜಿಮ್, ಡಂಬೆಲ್ಸ್ ಇರುವ ಕಡೆ ಮಕ್ಕಳ ಮುಖ ಅರಳುತ್ತದೆ. ಇಲ್ಲದ ಕಡೆ ಹಿಂದಿನ ಸಾಲು ಯಾವಾಗ ಮುಗಿಯುವುದೋ ಎಂದು ಕಾಯುತ್ತಿರುತ್ತದೆ. ವಾರದ ಉಳಿದ ದಿನಗಳಲ್ಲಿ ಆಟದ ಪೀರಿಯಡ್ ಪರೀಕ್ಷೆ ಹತ್ತಿರವಾದಂತೆ ಗಣಿತ, ವಿಜ್ಞಾನದವರ ಪಾಲಾಗುತ್ತದೆ. ಪಿ.ಟಿ. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಬಿಸಿಯೂಟದ ಲೆಕ್ಕ ಬರೆಯುತ್ತಲೋ ವಿದ್ಯಾರ್ಥಿ ದಾಖಲೆಗಳ ಎಸ್‌ಎಟಿಎಸ್ ತಂತ್ರಾಂಶಕ್ಕೆ ಮಾಹಿತಿ ತುಂಬುತ್ತಲೋ ಕೂತಿರುತ್ತಾರೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೋಮ್‌ವರ್ಕ್ ಮಾಡಲಿಲ್ಲವೇ? ಕಿವಿ ಹಿಡಿದು ಐವತ್ತು ಬಸ್ಕಿ. ತಡವಾಗಿ ಬಂದೆಯಾ? ಮೈದಾನ ಐದು ಸುತ್ತು. ಬಸ್ಕಿ ಅತ್ಯುತ್ತಮ ವ್ಯಾಯಾಮ, ಓಟ ಅದಕ್ಕಿಂತ ಉತ್ತಮ. ಅವೆರಡನ್ನೂ ಹತ್ತು ವರ್ಷ ಶಿಕ್ಷೆಯಾಗಿ ಉಣಿಸಿದ ಮೇಲೆ, ಹದಿನೆಂಟನೇ ವಯಸ್ಸಿನಲ್ಲಿ ‘ಒತ್ತಡ ಇದ್ದರೆ ಓಡು’ ಎಂದರೆ ಯಾವ ಹುಡುಗ ಓಡುತ್ತಾನೆ? ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಬಸ್ಕಿ ಹೊಡೆಸುವುದೂ ದೈಹಿಕ ಶಿಕ್ಷೆಯೇ ಎಂಬುದು ಮಾತ್ರ ಇನ್ನೂ ಬಹಳ ಶಾಲೆಗಳ ಅರಿವಿಗೆ ಬಂದಿಲ್ಲ.

ಅದೇ 2009ರ ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎನ್ನುತ್ತದೆ. ಗ್ರಾಮೀಣ ಭಾರತದಲ್ಲಿ ಮೂರರಲ್ಲೊಂದು ಶಾಲೆಗೆ ಅದಿಲ್ಲ ಎಂಬುದು ಅಸರ್ ತಂಡ ಹೋಗಿ ನೋಡಿ ಬರೆದ ಲೆಕ್ಕ. ನಗರದ ಖಾಸಗಿ ಶಾಲೆಗಳಲ್ಲಿ ವಾಹನ ನಿಲುಗಡೆಯ ಜಾಗವೇ ಮೈದಾನ. ಬಡಾವಣೆಯ ಉದ್ಯಾನಕ್ಕೆ ಹೋದರೆ ‘ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಫಲಕ. ಉಳಿದದ್ದು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್. ಅಪ್ಪನ ಜೇಬು ಗಟ್ಟಿ ಇದ್ದವರಿಗೆ ಮಾತ್ರ ಅದು.

ಹುಡುಗಿಯರ ಪಾಡು ಇನ್ನೂ ಇಕ್ಕಟ್ಟಿನದು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಎನ್ನುತ್ತದೆ. ಆ ಸಂಸ್ಥೆಯ ಸಂಶೋಧಕರು 2019ರಲ್ಲಿ 146 ದೇಶಗಳ ಮಾಹಿತಿ ಆಧರಿಸಿ ಪ್ರಕಟಿಸಿದ ಲೆಕ್ಕದಲ್ಲಿ, 11ರಿಂದ 17 ವರ್ಷದವರಲ್ಲಿ ಶೇ 81ರಷ್ಟು ಮಂದಿ ಈ ಮಟ್ಟ ಮುಟ್ಟಿರಲಿಲ್ಲ. ಹುಡುಗಿಯರಲ್ಲಿ ಶೇ 85. ನಮ್ಮ ಹೈಸ್ಕೂಲುಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಹುಡುಗರು ಕ್ರಿಕೆಟ್ಟಿಗೆ ಇಡೀ ಮೈದಾನ ಹಿಡಿದುಕೊಂಡ ಮೇಲೆ ಹುಡುಗಿಯರಿಗೆ ಮೂಲೆಯ ಥ್ರೋಬಾಲ್ ಅಂಕಣ ಉಳಿಯುತ್ತದೆ. ಅದೂ ಎಂಟನೇ ಕ್ಲಾಸಿನವರೆಗೆ. ಆಮೇಲೆ ಮುಟ್ಟು, ಶೌಚಾಲಯ, ಆಡಲು ಹೊಂದದ ಬಟ್ಟೆ, ಕಾಂಪೌಂಡಿನ ಮೇಲೆ ಕೂತು ನೋಡುವ ಕಣ್ಣುಗಳು, ‘ಸಂಜೆಯಾಗುವುದರೊಳಗೆ ಮನೆಗೆ ಬಾ’ ಎನ್ನುವ ಅಮ್ಮ. ಓಟದಲ್ಲಿ ಇಡೀ ಶಾಲೆಗೆ ಮೊದಲಿದ್ದವಳು ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಸ್ಕೋರ್ ಬರೆಯುವವಳಾಗಿರುತ್ತಾಳೆ.

ನಿಷೇಧದಿಂದಲೇ ಎಲ್ಲ ಸರಿಹೋಗುತ್ತದೆ ಎನ್ನುವವರು ದಕ್ಷಿಣ ಕೊರಿಯಾವನ್ನು ನೋಡಬೇಕು. ಹದಿನಾರರ ಒಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ಆಡಬಾರದೆಂದು 2011ರಲ್ಲಿ ತಂದ ಕಾನೂನನ್ನು ಆ ದೇಶ ಹತ್ತು ವರ್ಷದ ಬಳಿಕ ತಾನೇ ಕೈಬಿಟ್ಟಿತು. ಅಷ್ಟರಲ್ಲಿ ಮಕ್ಕಳು ಕಂಪ್ಯೂಟರ್ ಬಿಟ್ಟು ಮೊಬೈಲ್‌ಗೆ ಹೋಗಿದ್ದರು. ಆಸ್ಟ್ರೇಲಿಯಾ 2025ರ ಡಿಸೆಂಬರ್‌ನಿಂದ ಹದಿನಾರರೊಳಗಿನವರಿಗೆ ಜಾಲತಾಣಗಳ ಖಾತೆ ನಿರ್ಬಂಧಿಸಿದೆ. ಅದರ ಫಲ ಕಾದು ನೋಡಬೇಕು. ನನಗೆ ಹೆಚ್ಚು ನಂಬಿಕೆ ಹುಟ್ಟಿಸುವುದು ಐಸ್‌ಲ್ಯಾಂಡ್. ಅಲ್ಲಿದ್ದ ಸಮಸ್ಯೆ ಮೊಬೈಲ್ ಅಲ್ಲ, ಮದ್ಯ. ಕಳೆದ ತಿಂಗಳು ಕುಡಿದು ಅಮಲೇರಿತ್ತು ಎಂದ 15–16 ವರ್ಷದವರು 1998ರಲ್ಲಿ ಶೇ 42 ಇದ್ದರೆ, 2016ಕ್ಕೆ ಶೇ 5ಕ್ಕೆ ಇಳಿದಿದ್ದರು. ವಯಸ್ಸಿನ ಮಿತಿ, ರಾತ್ರಿ ಹೊರಗೆ ಸುತ್ತುವುದಕ್ಕೆ ಕಡಿವಾಣ ಎಲ್ಲವೂ ಇದ್ದವು. ಜೊತೆಗೆ ಸರ್ಕಾರ ಕ್ರೀಡಾ ಕ್ಲಬ್ಬು, ಸಂಗೀತ, ನೃತ್ಯಕ್ಕೆ ಹಣ ಸುರಿಯಿತು. ರಾಜಧಾನಿ ರೇಕ್ಯಾವಿಕ್‌ನಲ್ಲಿ ಆ ತರಗತಿಗಳ ಶುಲ್ಕಕ್ಕೆಂದು ಪ್ರತಿ ಮಗುವಿನ ಪರವಾಗಿ ಮನೆಯವರಿಗೆ ನೆರವು ಕೊಟ್ಟರು. ಒಂದು ಬಾಗಿಲು ಮುಚ್ಚುವಾಗ ಇನ್ನೊಂದನ್ನು ತೆರೆದಿಟ್ಟರು.

ವೇಳಾಪಟ್ಟಿ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಕಣ್ಣಿನದು. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲೆಯ ಕೊನೆಯ ಪೀರಿಯಡ್ ಆಗಿ ದಿನವೂ 40 ನಿಮಿಷ ಬಯಲಿನ ಚಟುವಟಿಕೆ ಸೇರಿಸಿದರು. ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ದೋಷ ಬಂದ ಮಕ್ಕಳ ಪ್ರಮಾಣ ಮಾಮೂಲಿ ಶಾಲೆಗಳಲ್ಲಿ ಶೇ 39.5 ಇದ್ದರೆ, ಈ ಶಾಲೆಗಳಲ್ಲಿ ಶೇ 30.4. ಮಕ್ಕಳ ಕಣ್ಣಿಗಾದ ಈ ಲಾಭ ಮನೆಯವರ ಬೈಗುಳದಿಂದ ಬಂದದ್ದಲ್ಲ, ವೇಳಾಪಟ್ಟಿಯಿಂದ ಬಂದದ್ದು.

ಒಂದು ಎಚ್ಚರಿಕೆ. ಊಟ, ನಿದ್ದೆ, ಶಾಲೆ ಎಲ್ಲವನ್ನೂ ಬಿಟ್ಟು ಗೇಮಿಂಗಿಗೆ ಬಿದ್ದ ಮಗುವಿನ ಸ್ಥಿತಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಗೇ ಸೇರಿಸಿದೆ. ಅಂಥವರಿಗೆ ಲಗೋರಿ ಆಡು ಎಂದರೆ ಆಗದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್ ಕ್ಲಿನಿಕ್’ ಇದೆ. ತಡಮಾಡದೆ ಹೋಗಿ ತೋರಿಸಬೇಕು. ಮಿಕ್ಕ ಬಹುಸಂಖ್ಯೆಯ ಮಕ್ಕಳಿಗೆ ಬೇಕಿರುವುದು ಚಿಕಿತ್ಸೆಯಲ್ಲ. ಜಾಗ, ಹೊತ್ತು ಮತ್ತು ಜೊತೆ.

ಇದಕ್ಕೆ ಹೊಸ ಯೋಜನೆ, ಹೊಸ ಲಾಂಛನ ಬೇಕಾಗಿಲ್ಲ. ನಮ್ಮೂರುಗಳಲ್ಲಿ ಇರುವ ದೊಡ್ಡ ಬಯಲು ಹೆಚ್ಚಾಗಿ ಸರ್ಕಾರಿ ಶಾಲೆಯದೇ. ಸಂಜೆ ಐದಾದ ಮೇಲೆ ಅದರ ಗೇಟಿಗೆ ಬೀಗ. ಕುಡುಕರು ಬರುತ್ತಾರೆ, ಕಿಟಕಿ ಗಾಜು ಒಡೆಯುತ್ತಾರೆ ಎಂಬ ಮುಖ್ಯ ಶಿಕ್ಷಕರ ಭಯ ಸುಳ್ಳಲ್ಲ. ಹಾಗೆಂದು ಆ ಹೊಣೆಯನ್ನು ಅವರೊಬ್ಬರ ತಲೆಗೆ ಕಟ್ಟಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ), ಗ್ರಾಮ ಪಂಚಾಯಿತಿ, ಹಳೆಯ ವಿದ್ಯಾರ್ಥಿಗಳು ಸೇರಿ ಸಂಜೆಯ ಎರಡು ಗಂಟೆಗಳ ಅವಧಿಗೆ ಒಬ್ಬ ತರಬೇತುದಾರರನ್ನು ಗೌರವಧನದ ಮೇಲೆ ನೇಮಿಸಿಕೊಳ್ಳಬಹುದು. ವಾರದಲ್ಲಿ ಮೂರು ದಿನ ಮೈದಾನ ಹುಡುಗಿಯರಿಗೇ ಮೀಸಲು ಎಂದು ಗೇಟಿನ ಮೇಲೆ ಬರೆಸಬಹುದು. ನಾಲ್ಕು ಚೆಂಡು, ಒಂದು ನೆಟ್, ಎರಡು ದೀಪಕ್ಕೆ ಆಗುವ ಖರ್ಚನ್ನು ಊರ ಜಾತ್ರೆಯ ಪಟಾಕಿಯ ಬಿಲ್ಲಿಗೆ ಹೋಲಿಸಿ ನೋಡಿ. ಸರ್ಕಾರ ಮಾಡಬೇಕಾದದ್ದು, ಖಾಲಿ ಇರುವ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ತುಂಬಿ, ಅವರನ್ನು ಬಿಸಿಯೂಟದ ಲೆಕ್ಕದಿಂದ ಬಿಡಿಸಿ ಮೈದಾನಕ್ಕೆ ಕಳಿಸುವುದು.

ಪಾಲಕರಿಗೂ ಒಂದು ಮಾತು. ಪಿಯು ಪ್ರವೇಶಕ್ಕೆಂದು ಕಾಲೇಜಿನಿಂದ ಕಾಲೇಜಿಗೆ ಅಲೆಯುವಾಗ ರ್‍ಯಾಂಕ್ ಪಟ್ಟಿ, ಹಾಸ್ಟೆಲ್ ಊಟ, ಶುಲ್ಕದ ಕಂತು ಎಲ್ಲವನ್ನೂ ಕೇಳುತ್ತೀರಿ. ಈ ಸಲ ಇದನ್ನೂ ಕೇಳಿ: ‘ನಿಮ್ಮ ವೇಳಾಪಟ್ಟಿಯಲ್ಲಿ ಆಟದ ಹೊತ್ತು ಯಾವುದು? ಆಗ ಮಕ್ಕಳು ಎಲ್ಲಿ ಆಡುತ್ತಾರೆ, ತೋರಿಸಿ’.