ಎರಡು ಪೆಟ್ಟಿಗೆಗಳ ನಡುವಿನ ದನಿ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಚಾವಡಿಯಲ್ಲಿ ಹಳೆಯ ತಾಳಮದ್ದಳೆಯ ಧ್ವನಿಮುದ್ರಿಕೆ ನುಡಿಯುತ್ತಿತ್ತು. ಐದನೆಯ ತರಗತಿಯಲ್ಲಿ ಓದುವ ಮೊಮ್ಮಗನು ಎಡದ ಪೆಟ್ಟಿಗೆಯ ಬಳಿ ಸ್ವಲ್ಪ ಹೊತ್ತು, ಬಲದ ಪೆಟ್ಟಿಗೆಯ ಬಳಿ ಸ್ವಲ್ಪ ಹೊತ್ತು ನಿಂತು, ಕೊನೆಗೆ ನಡುವೆ ಬಂದು ಕೇಳಿದನು: “ಅಜ್ಜ, ಭಾಗವತರು ಎಲ್ಲಿ ಕೂತಿದ್ದಾರೆ?” ನಾನು ನಕ್ಕುಬಿಟ್ಟೆ. ಮರುದಿನ ಧೂಳು ಒರೆಸಲೆಂದು ಪೆಟ್ಟಿಗೆಗಳನ್ನು ತಿರುಗಿಸಿದಾಗ ನಗು ಮಾಯವಾಯಿತು. ಒಂದು ಪೆಟ್ಟಿಗೆಯ ತಂತಿಗಳನ್ನು ನಾನೇ ಅದಲುಬದಲಾಗಿ ಸಿಕ್ಕಿಸಿದ್ದೆ. ಎರಡು ವರ್ಷಗಳಿಂದ ಹಾಗೆಯೇ ಕೇಳುತ್ತಿದ್ದೆವು. ದೊಡ್ಡವರ ಕಿವಿಗೆ ತಿಳಿಯದಿದ್ದ ದೋಷವನ್ನು ಮಗುವಿನ ಕಿವಿ ಹಿಡಿದಿತ್ತು.

ಇದು ಕೇವಲ ಸಂಗೀತಪ್ರಿಯರ ಸೂಕ್ಷ್ಮವೆಂದು ಭಾವಿಸಬಾರದು. ಕಾಸರಗೋಡಿನ ನಮ್ಮ ಮಕ್ಕಳು ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಟದ ಬಯಲಿನಲ್ಲಿ ಮಲಯಾಳವನ್ನು ಕೇಳುತ್ತಾರೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹವ್ಯಕ ಭಾಷೆಯನ್ನೋ ಆಡುತ್ತಾರೆ. ಅದು ಅವರ ಸಂಪತ್ತು. ಆದರೆ ಗ್ರಾಂಥಿಕ ಕನ್ನಡದ ನಿಡಿದಾದ ವಾಕ್ಯ, ಅರ್ಥಧಾರಿಗಳ ವಾದಸರಣಿ, ಶ-ಷ-ಸಗಳ ಭೇದ, ಮಹಾಪ್ರಾಣದ ಉಸಿರು ಇವು ಅವರ ಕಿವಿಗೆ ಬೀಳುವುದು ಶಾಲೆಯ ಕೆಲವು ಗಂಟೆಗಳಲ್ಲಿ ಮತ್ತು ಇಂತಹ ಧ್ವನಿಮುದ್ರಿಕೆಗಳಲ್ಲಿ ಮಾತ್ರ. ಆ ಅಕ್ಷರಭೇದಗಳನ್ನು ಹೊತ್ತು ತರುವುದು ಧ್ವನಿಯ ಮೇಲಿನ ಅಂಚು. ಸಕಾರದ ಸೀತ್ಕಾರವು ಬಹುಪಾಲು ಸೆಕೆಂಡಿಗೆ 4000 ಕಂಪನಗಳಿಂದ ಆಚೆಗೆ ಇರುತ್ತದೆ. ಪೆಟ್ಟಿಗೆಯ ಚಿಕ್ಕ ಧ್ವನಿವರ್ಧಕ, ಅಂದರೆ ಟ್ವೀಟರ್, ಆ ಭಾಗವನ್ನು ನುಡಿಸುತ್ತದೆ. ಅದು ಮೇಜಿನ ಹಿಂದೆಯೋ ಪರದೆಯ ಮರೆಯಲ್ಲಿಯೋ ಅಡಗಿದರೆ ಶಕಾರವೂ ಸಕಾರವೂ ಒಂದೇ ಆಗಿ ಕೇಳುತ್ತವೆ.

ಎರಡು ಪೆಟ್ಟಿಗೆಗಳೇಕೆ ಬೇಕು? ನಮ್ಮ ಎರಡು ಕಿವಿಗಳಿಗೂ ಧ್ವನಿಯು ಒಂದೇ ಗಳಿಗೆಯಲ್ಲಿ ಮುಟ್ಟುವುದಿಲ್ಲ. ಬದಿಯಿಂದ ಬಂದ ದನಿ ಒಂದು ಕಿವಿಗೆ ಮೊದಲು ಮುಟ್ಟಿ, ಇನ್ನೊಂದಕ್ಕೆ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ತಲುಪುತ್ತದೆ. ಅಷ್ಟರಿಂದಲೇ ಮಿದುಳು ದಿಕ್ಕನ್ನು ಗುರುತಿಸುತ್ತದೆ. ಚಿತ್ರಮಂದಿರದ ಪರದೆಯಲ್ಲಿ ನಟನು ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆದರೂ ದನಿ ನಿಂತಲ್ಲೇ ನಿಲ್ಲುವುದನ್ನು ಕಂಡ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್ಲೀನ್, 1931ರಲ್ಲಿ ಎರಡು ವಾಹಿನಿಗಳ ಧ್ವನಿಮುದ್ರಣಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. ‘ಮಾತನಾಡುವವನು ಎಲ್ಲಿದ್ದಾನೆ?’ ಎಂಬುದೇ ಅವರ ಪ್ರಶ್ನೆಯೂ ಆಗಿತ್ತು.

ಈಗ ಜೋಡಣೆಯ ವಿಚಾರ. ಮೊದಲ ನಿಯಮ: ವರ್ಧಕವನ್ನು ಆರಿಸಿ, ಗೋಡೆಯಿಂದ ಪ್ಲಗ್ ತೆಗೆದ ಮೇಲೆಯೇ ತಂತಿಗೆ ಕೈಹಾಕಬೇಕು. ಕೊಲ್ಲಿ ದೇಶಗಳಿಂದ ತಂದ ಹಳೆಯ ಸೆಟ್‌ಗಳು ನಮ್ಮ ಕಡೆ ಹಲವು ಮನೆಗಳಲ್ಲಿವೆ. ಅವುಗಳ ಹಿಂಬದಿಯಲ್ಲಿ ವೋಲ್ಟೇಜ್ ಆಯ್ಕೆಯ ಗುಂಡಿಯಿದ್ದರೆ ಅದು 110ರ ಕಡೆಗಿರದೆ 220 ಅಥವಾ 240ರ ಕಡೆಗಿದೆಯೆಂದು ಮೊದಲು ನೋಡಿಕೊಳ್ಳಿ.

ಪ್ರತಿ ಪೆಟ್ಟಿಗೆಯ ಹಿಂದೆಯೂ ಎರಡು ಕೊಂಡಿಗಳಿರುತ್ತವೆ: ಕೆಂಪು ಧನ, ಕಪ್ಪು ಋಣ. ವರ್ಧಕದಲ್ಲಿಯೂ ಹಾಗೆಯೇ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕು. ಜೋಡಿ ತಂತಿಯ ಒಂದು ಎಳೆಯ ಮೇಲೆ ಗೆರೆಯೋ ಬೇರೆ ಬಣ್ಣವೋ ಇರುತ್ತದೆ. ಅದನ್ನು ಎರಡೂ ತುದಿಗಳಲ್ಲಿ ಕೆಂಪಿಗೇ ಮೀಸಲಿಡಿ. ತುದಿಯ ಹೊದಿಕೆಯನ್ನು ಒಂದು ಸೆಂಟಿಮೀಟರಿನಷ್ಟು ಮಾತ್ರ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಸೇರಿಸಿ. ಹೊರಚಾಚಿದ ಒಂದೇ ಎಳೆ ಪಕ್ಕದ ಕೊಂಡಿಗೆ ತಾಗಿದರೂ ವರ್ಧಕ ಸುಟ್ಟುಹೋಗಬಹುದು.

ಒಂದು ಪೆಟ್ಟಿಗೆಯಲ್ಲಿ ಧನ-ಋಣ ತಿರುಗಿದರೆ ಏನಾಗುತ್ತದೆ? ಒಂದರ ಪೊರೆ ಮುಂದಕ್ಕೆ ಚಾಚುವಾಗ ಇನ್ನೊಂದರ ಪೊರೆ ಹಿಂದಕ್ಕೆ ಸರಿಯುತ್ತದೆ. ಒಂದು ಗಾಳಿಯನ್ನು ತಳ್ಳಿದರೆ ಇನ್ನೊಂದು ಎಳೆಯುತ್ತದೆ. ತಗ್ಗಿನ ಸ್ವರಗಳು ಪರಸ್ಪರ ಅಳಿದುಹೋಗುತ್ತವೆ. ನಮ್ಮ ಮನೆಯಲ್ಲಿ ಚೆಂಡೆಯ ಮೊನಚು ಉಳಿದು, ಮದ್ದಳೆಯ ತುಂಬುದನಿ ಕಾಣೆಯಾದದ್ದು ಹೀಗೆ. ನಡುವೆ ನಿಲ್ಲಬೇಕಾದ ದನಿಗೆ ನೆಲೆಯೇ ಇರಲಿಲ್ಲ. ಪರೀಕ್ಷೆ ಸುಲಭ. ಒಬ್ಬರೇ ಮಾತನಾಡುವ ಹಳೆಯ ಏಕವಾಹಿನಿ ಮುದ್ರಣವನ್ನು ಹಾಕಿ, ಎರಡು ಪೆಟ್ಟಿಗೆಗಳಿಂದಲೂ ಸಮದೂರದಲ್ಲಿ ಕುಳಿತುಕೊಳ್ಳಿ. ದನಿ ನಟ್ಟನಡುವೆ, ಬರಿಯ ಗಾಳಿಯಿಂದ ಹೊರಟಂತೆ ಕೇಳಿದರೆ ಜೋಡಣೆ ಸರಿ. ತಲೆಯ ಸುತ್ತ ಅಲೆದಂತೆ ಕೇಳಿದರೆ ಒಂದೇ ಒಂದು ಪೆಟ್ಟಿಗೆಯ ತಂತಿಗಳನ್ನು, ಸೆಟ್ಟನ್ನು ಆರಿಸಿ, ಅದಲುಬದಲು ಮಾಡಿ.

ಎಂತಹ ತಂತಿ ಬೇಕು? ಬೆಲೆಬಾಳುವ ಜಾಹೀರಾತಿನ ತಂತಿ ಬೇಕಿಲ್ಲ. ಶುದ್ಧ ತಾಮ್ರದ್ದಾದರೆ ಸಾಕು. ಹತ್ತು ಮೀಟರ್ ದೂರದ ಪೆಟ್ಟಿಗೆಗೆ ವಿದ್ಯುತ್ತು ಹೋಗಿ ಬರಲು 20 ಮೀಟರ್ ದಾರಿ. 1.5 ಚದರ ಮಿಲಿಮೀಟರಿನ ತಾಮ್ರದಲ್ಲಿ ಈ ದಾರಿಯ ರೋಧ ಸುಮಾರು ಕಾಲು ಓಂ, 0.5 ಚದರ ಮಿಲಿಮೀಟರಿನ ತೆಳು ತಂತಿಯಲ್ಲಿ ಅದರ ಮೂರರಷ್ಟು. ಎಂಟು ಓಂ ಪೆಟ್ಟಿಗೆಗೆ ಮೊದಲನೆಯದು ಗಮನಕ್ಕೆ ಬಾರದ ನಷ್ಟ. ಅಲ್ಯೂಮಿನಿಯಮಿಗೆ ತಾಮ್ರ ಲೇಪಿಸಿದ ಅಗ್ಗದ ತಂತಿಯೂ ಮಾರುಕಟ್ಟೆಯಲ್ಲಿದೆ. ತುದಿಯನ್ನು ಚಾಕುವಿನಿಂದ ಕೆರೆದಾಗ ಬೆಳ್ಳಗೆ ಕಂಡರೆ, ಅದು ತವರ ಪೂಸಿದ ತಾಮ್ರವಲ್ಲವಷ್ಟೇ ಎಂದು ಅಂಗಡಿಯವರನ್ನು ಕೇಳಿ ತಿಳಿಯಿರಿ.

ಓಂ ಸಂಖ್ಯೆಯನ್ನು ಕಡೆಗಣಿಸಬೇಡಿ. ಒಳಕೋಣೆಗೂ ಇರಲಿ ಎಂದು ಅದೇ ಕೊಂಡಿಗೆ ಇನ್ನೊಂದು ಪೆಟ್ಟಿಗೆಯನ್ನು ಸಮಾಂತರವಾಗಿ ಸೇರಿಸುವುದು ರೂಢಿ. ಎಂಟು ಓಂಗಳ ಎರಡು ಪೆಟ್ಟಿಗೆಗಳು ಹಾಗೆ ಸೇರಿದರೆ ವರ್ಧಕಕ್ಕೆ ಕಾಣುವುದು ನಾಲ್ಕೇ ಓಂ. ಅದರ ಬೆನ್ನಿನಲ್ಲಿ ‘6ರಿಂದ 16 ಓಂ’ ಎಂದು ಮುದ್ರಿಸಿದ್ದರೆ ಈ ಹೊರೆ ಮಿತಿಮೀರಿದ್ದು. ಸೆಟ್ಟು ಕಾದು ಕೆಡುತ್ತದೆ.

ಇನ್ನು ಸ್ಥಳ. ಎರಡು ಪೆಟ್ಟಿಗೆಗಳೂ ಕೇಳುವವರೂ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರಲಿ. ಎರಡು ಮೀಟರ್ ಬಾಹುವಿನ ತ್ರಿಕೋನ ಸಾಮಾನ್ಯ ಚಾವಡಿಗೆ ಹೊಂದುತ್ತದೆ. ಹಗ್ಗವೊಂದನ್ನು ಹಿಡಿದು ಅಳೆದು, ಸೀಮೆಸುಣ್ಣದಿಂದ ನೆಲದಲ್ಲಿ ಗುರುತು ಹಾಕುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ; ರೇಖಾಗಣಿತದ ಪಾಠವೂ ಆಗುತ್ತದೆ. ಚಿಕ್ಕ ಧ್ವನಿವರ್ಧಕವು ಕುಳಿತವರ ಕಿವಿಯ ಎತ್ತರದಲ್ಲಿರಬೇಕು. ಕಪಾಟಿನ ತುದಿಯಲ್ಲಿ ಒಂದು, ನೆಲದಲ್ಲಿ ಒಂದು ಎಂಬ ವ್ಯವಸ್ಥೆ ಬೇಡ. ಪೆಟ್ಟಿಗೆಯನ್ನು ಮೂಲೆಗೆ ಒತ್ತಿಟ್ಟರೆ ತಗ್ಗು ಸ್ವರಗಳು ಉಬ್ಬಿ ಮಾತನ್ನು ಮುಚ್ಚುತ್ತವೆ. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತಂದರೆ ಮಾತು ತಿಳಿಯಾಗುತ್ತದೆ. ಗಾರೆ ಬಳಿದ ಗೋಡೆ, ನುಣುಪಾದ ನೆಲದ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಝಣತ್ಕಾರ ಉಳಿದರೆ ನೆಲಕ್ಕೊಂದು ಜಮಖಾನ, ಕಿಟಕಿಗೊಂದು ದಪ್ಪ ಪರದೆ ಹಾಕಿ. ಖರ್ಚಿಲ್ಲದ ಈ ಎರಡು ವಸ್ತುಗಳು ಹೊಸ ಪೆಟ್ಟಿಗೆಗಿಂತ ಹೆಚ್ಚು ಉಪಕಾರ ಮಾಡುತ್ತವೆ.

ಕರಾವಳಿಯವರಿಗೆ ಎರಡು ಮಾತುಗಳು. ಉಪ್ಪುಗಾಳಿಗೆ ತಾಮ್ರ ಹಸುರುಗಟ್ಟುತ್ತದೆ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿದು ಸೇರಿಸಿ. ಅಕ್ಟೋಬರಿನ ಸಂಜೆಗಳಲ್ಲಿ ಸಿಡಿಲು ಬಡಿಯುವ ಮೊದಲೇ ಪ್ಲಗ್ಗನ್ನೂ ಆಂಟೆನಾ ತಂತಿಯನ್ನೂ ಕಳಚಿಡಿ. ಗುಂಡಿ ಆರಿಸುವುದಷ್ಟೇ ಸಾಲದು. ಗುಡುಗು ನೆತ್ತಿಯ ಮೇಲೆ ಬಂದ ಮೇಲೆ ಪ್ಲಗ್ಗಿನ ಬಳಿ ಹೋಗಲೂ ಬಾರದು.

ಧ್ವನಿಯ ಪ್ರಮಾಣದಲ್ಲಿಯೂ ವಿವೇಕವಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳುವುದು ಸುರಕ್ಷಿತ ಮಿತಿ. ಮಕ್ಕಳಿಗೆ ಅದಕ್ಕಿಂತ ಕಡಿಮೆ. ಪೆಟ್ಟಿಗೆ ನುಡಿಯುತ್ತಿರುವಾಗ ಕೈಯಳತೆಯ ದೂರದವರೊಡನೆ ಕೂಗದೆ ಮಾತನಾಡಲು ಆಗುತ್ತಿದೆಯೇ ಎಂದು ನೋಡಿ. ಸರಿಯಾಗಿ ಇರಿಸಿದ ಪೆಟ್ಟಿಗೆಗೆ ಅರಚುವ ಅಗತ್ಯವೇ ಇಲ್ಲ. ಮಾತು ಸ್ಪಷ್ಟವಾದರೆ ಗುಂಡಿಯನ್ನು ನಾವೇ ತಗ್ಗಿಸುತ್ತೇವೆ.

ಆ ದಿನ ತಂತಿಗಳನ್ನು ಸರಿಪಡಿಸಿ ಅದೇ ಪ್ರಸಂಗವನ್ನು ಮತ್ತೆ ಹಾಕಿದೆ. ಹುಡುಗನು ಗುರುತಿನ ಮೇಲೆ ಕುಳಿತು, ಎರಡು ಪೆಟ್ಟಿಗೆಗಳ ನಡುವೆ ತೂಗುವ ದೀಪದ ಕಡೆಗೆ ಬೆರಳು ತೋರಿಸಿ, “ಅಲ್ಲಿ, ದೀಪದ ಹಿಂದೆ” ಎಂದನು. ಬಳಿಕ ಅರ್ಥಧಾರಿಯೊಬ್ಬರ ಮಾತಿನಲ್ಲಿ ತನಗೆ ತಿಳಿಯದ ಒಂದು ಪದವನ್ನು ಹಿಡಿದು ಅದರ ಅರ್ಥ ಕೇಳಿದನು. ಎರಡು ವರ್ಷ ಅದೇ ಪ್ರಸಂಗ ಕೇಳಿದ್ದರೂ ಹಾಗೆ ಕೇಳಿದ್ದು ಅದೇ ಮೊದಲು. ನಿಮ್ಮ ಮನೆಯ ಪೆಟ್ಟಿಗೆಗಳನ್ನೂ ಈ ಭಾನುವಾರ ಒಮ್ಮೆ ತಿರುಗಿಸಿ ನೋಡಿರಿ. ಅಟ್ಟದಲ್ಲಿ ಹಳೆಯ ತಾಳಮದ್ದಳೆಯ ಕ್ಯಾಸೆಟ್ಟುಗಳಿದ್ದರೆ ಎಸೆಯಬೇಡಿ. ಅವುಗಳನ್ನು ಕೆಡದಂತೆ ಕಾಪಾಡುವ ಬಗೆಯನ್ನು ಮುಂದಿನ ವಾರ ನೋಡೋಣ.